ಹನ್ನೆರಡಕ್ಕೆ ಒಂದು

ಸಾವಿನ ಕಾರ್ಯಕ್ಕೆ ಬಂದಿದ್ದ ನೆಂಟರೆಲ್ಲ ಹಿಂದಿನ ದಿನವೇ ಹೊರಟುಹೋಗಿದ್ದರು. ಶಾಮಿಯಾನ ಬಿಚ್ಚಿಕೊಂಡು ಹೋಗಿದ್ದರು, ಬಾಡಿಗೆ ಕುರ್ಚಿಗಳೂ ಹೋಗಿದ್ದವು. ಆ ಬೆಳಗ್ಗೆ ಹಾಲಿನವನು ಎಂದಿನಂತೆ ಗೇಟಿಗೆ ಪ್ಯಾಕೆಟ್ ಸಿಕ್ಕಿಸಿ ಹೋದ. ಬೀದಿ ನಲ್ಲಿಯಲ್ಲಿ ನೀರು ಬಂತು. ಪಂಪ್‌ಹೌಸಿನಲ್ಲಿ ಷಡಕ್ಷರಿ ಇಲ್ಲದಿದ್ದರೂ ಅರಸೀಕೆರೆಗೆ ನೀರು ಬಿಡುವವರು ಇದ್ದರು. ಅವನ ಹೆಂಡತಿ ವಿನುತಾ ಬಿಂದಿಗೆ ತುಂಬಿಸಿಕೊಂಡಳು, ಒಳಗೆ ಹೋದಳು, ಪೊರಕೆ ಹಿಡಿದು ಮತ್ತೆ ಹೊರಗೆ ಬಂದಳು. ಜಗುಲಿ ಗುಡಿಸುವಾಗ ಅವಳ ಪೊರಕೆ ನನಗೆ ತಗುಲಿತು. ಅವಳು ನನ್ನನ್ನು ಎತ್ತಿ, ಕೆಳಗೆ ಗುಡಿಸಿ, ಇದ್ದ ಕಡೆಯೇ ಇಟ್ಟಳು. ನಾನು ಯಾರದು, ಅಲ್ಲಿಗೆ ಏಕೆ ಬಂದೆ ಎಂದು ಅವಳು ಆಗ ಕೇಳಿಕೊಳ್ಳಲಿಲ್ಲ.

ನಾನು ಒಂದು ರಸಮಟ್ಟ. ಎರಡಡಿ ಉದ್ದದ ತೇಗದ ಮೈ, ಎರಡೂ ತುದಿಗೆ ಹಿತ್ತಾಳೆಯ ಪಟ್ಟಿ. ನಡುವೆ ಒಂದು ಗಾಜಿನ ಕೊಳವೆ. ಅದರೊಳಗೆ ಹಳದಿ ದ್ರವ, ದ್ರವದಲ್ಲಿ ಒಂದು ಗುಳ್ಳೆ; ನನ್ನನ್ನು ಮಗುಚಿಟ್ಟರೂ ಅದು ಮಟ್ಟ ತೋರಿಸುತ್ತದೆ. ಗಾರೆಯವರು ನನ್ನನ್ನು ಇಟ್ಟಿಗೆಯ ಸಾಲಿನ ಮೇಲೆ ಮಲಗಿಸುತ್ತಾರೆ. ಗುಳ್ಳೆ ಎರಡು ಗೆರೆಗಳ ನಡುವೆ ನಿಂತರೆ ಸಾಲು ಮಟ್ಟವಾಗಿದೆ ಎಂದರ್ಥ. ನಿಲ್ಲದೆ ಒಂದು ಕಡೆಗೆ ಓಡಿದರೆ ಆ ಕಡೆ ಎತ್ತರ. ನನಗೆ ಗೊತ್ತಿರುವುದು ಇಷ್ಟೇ. ಎಷ್ಟು ಎತ್ತರ ಎಂದು ಕೇಳಿದರೆ ನಾನು ಹೇಳಲಾರೆ. ಅದನ್ನು ಅಳೆಯುವುದು, ಅದಕ್ಕೊಂದು ಅಂಕಿ ಕೊಡುವುದು ಮನುಷ್ಯರ ಕೆಲಸ.

ನಾನು ಹುಟ್ಟಿದ್ದು ಒಬ್ಬ ಬಡಗಿಯ ಅಂಗಡಿಯಲ್ಲಿ. ಮರವನ್ನು ಹತ್ತರಿ ಹಾಕಿ ನುಣುಪು ಮಾಡಿ, ಕೊಳವೆ ಕೂರಿಸಿ, ನನ್ನನ್ನು ಒಂದು ಕಲ್ಲಿನ ಮೇಲಿಟ್ಟರು. ಆಮೇಲೆ ತುದಿ ಬದಲಿಸಿ, ಎಡದ್ದು ಬಲಕ್ಕೆ ಬರುವಂತೆ, ಮತ್ತೆ ಅದೇ ಕಲ್ಲಿನ ಮೇಲಿಟ್ಟರು. ಎರಡು ಸಲವೂ ಗುಳ್ಳೆ ಒಂದೇ ಜಾಗದಲ್ಲಿ ನಿಂತಿತು. ರಸಮಟ್ಟಕ್ಕೆ ಇರುವ ಪರೀಕ್ಷೆ ಅದೊಂದೇ. ಪಾಸಾದ ಮೇಲೆ ನನಗೆ ಎಣ್ಣೆ ಹಚ್ಚಿದರು.

ಮೊದಲು ನನ್ನನ್ನು ಕೊಂಡವನು ಆರ್ಮುಗಂ ಎಂಬ ಮೇಸ್ತ್ರಿ. ಸೇಲಂ ಕಡೆಯವನು, ರೈಲ್ವೆ ಕ್ವಾರ್ಟರ್ಸ್ ಕಟ್ಟಲು ಬಂದು ಇಲ್ಲೇ ಉಳಿದವನು. ಅವನ ಬಾಯಲ್ಲಿ ಎಲ್ಲವೂ ಇಂಚು ಮತ್ತು ನೂಲು. ಇಂಚಿನ ಎಂಟನೆಯ ಒಂದು ಪಾಲಿಗೆ ಗಾರೆಯವರು ನೂಲು ಎನ್ನುತ್ತಾರೆ. ಬಚ್ಚಲಿನ ನೀರು ತೂಬಿನ ಕಡೆ ಹರಿಯಬೇಕಲ್ಲ, ಆ ಇಳಿಜಾರಿಗೆ ವಾಟ ಎಂದು ಹೆಸರು. ಆರ್ಮುಗಂ ಹೇಳುತ್ತಿದ್ದುದು, "ನಾಲ್ಕಡಿಗೆ ಅರ್ಧ ಇಂಚು ವಾಟ ಕುಡು."

ಅವನಿಗೆ ಕಣ್ಣು ಮಂಜಾದ ಮೇಲೆ ನಾನು ಓವರ್ಸಿಯರ್ ಗುರುಸಿದ್ದಯ್ಯನವರ ಕೈಗೆ ಬಂದೆ. ಅವರಿಗೆ ಇಂಚು ಎಂದರೆ ಆಗದು. ಎಲ್ಲವೂ ಮೀಟರು, ಅದರ ಹಿಂದೆ ಸೊನ್ನೆಗಳು. ಅವರು ಬಚ್ಚಲಿನಲ್ಲಿ ನನ್ನನ್ನು ಇಡಿಸಿ, "ಸ್ಲೋಪು ಸೊನ್ನೆ ಪಾಯಿಂಟ್ ಸೊನ್ನೆ ಒಂದು ಇರಬೇಕ್ರಯ್ಯ" ಎನ್ನುವರು. ಕೂಲಿಯವರು ಮುಖ ಮುಖ ನೋಡಿಕೊಂಡು, ಅವರು ಅತ್ತ ಹೋದ ಮೇಲೆ ನಾಲ್ಕಡಿಗೆ ಅರ್ಧ ಇಂಚು ಕೊಡುವರು. ಓವರ್ಸಿಯರ್ ಬಂದು ಅಳೆದು, ಹೆಚ್ಚು ಕಡಿಮೆ ಸರಿ ಬಂದದ್ದು ನೋಡಿ, "ಹೇಳಿಕೊಟ್ಟರೆ ಕಲಿಯುತ್ತೀರಿ" ಎನ್ನುವರು.

ಮೂರನೆಯವನು ಮುನಾವರ್ ಮೇಸ್ತ್ರಿ. ಅವನ ಕಾಲಕ್ಕೆ ನಕ್ಷೆಗಳು ಕಂಪ್ಯೂಟರಿನಿಂದ ಬರತೊಡಗಿದ್ದವು. ಅವುಗಳಲ್ಲಿ ಬಚ್ಚಲಿನ ಮೂಲೆಗೆ ಒಂದು ಬಾಣ, ಬಾಣದ ಮೇಲೆ 1%. ಮುನಾವರ್ ಅದನ್ನು, "ನೂರಕ್ಕೊಂದು. ಎಂಟಡಿಗೆ ಒಂದಿಂಚು ಅಂದ್ಕೊಳ್ಳಿ, ಸಾಕು" ಎಂದು ಬಿಡಿಸಿ ಹೇಳುತ್ತಿದ್ದ. ಹೀಗೆ ಮೂರು ಕೈ ದಾಟಿದರೂ ಬಚ್ಚಲು ಅದೇ, ನೀರು ಹರಿಯುವ ವೇಗವೂ ಅದೇ. ಒಬ್ಬ ಪಾಲಿನಲ್ಲಿ ಹೇಳಿದ, ಒಬ್ಬ ಬಿಂದುವಿಟ್ಟು ಹೇಳಿದ, ಒಬ್ಬ ನೂರಕ್ಕೆ ಇಷ್ಟೆಂದು ಹೇಳಿದ. ಒಂದು ಮಾತಿನಿಂದ ಇನ್ನೊಂದು ಮಾತಿಗೆ ದಾಟುವಾಗ ಯಾರೂ ಎಡವಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಮುನಾವರ್ ಕೆಂಪು ಗೆರೆ ಬೀಳುವ ಲೇಸರ್ ಮಟ್ಟ ಕೊಂಡ ಮೇಲೆ ನನಗೆ ಕೆಲಸ ಕಡಿಮೆಯಾಯಿತು. ಆಗ ಷಡಕ್ಷರಿ ಬಂದು ನನ್ನನ್ನು ಕೇಳಿದ. ಪುರಸಭೆಯ ಪಂಪ್‌ಹೌಸಿನ ಆಪರೇಟರ್ ಅವನು. ಅಚ್ಚುಕಟ್ಟಿನ ಮನುಷ್ಯ.

"ನಾಲ್ಕು ದಿನಕ್ಕೆ ಕೊಡಿ ಸಾಬ್ರೇ. ಮನೆ ಮುಂದೆ ಒಂದು ರ‍್ಯಾಂಪ್ ಹಾಕ್ಬೇಕು, ನಮ್ಮ ದಾಕ್ಷಿಗೆ."

"ನಾನೇ ಬಂದು ಹಾಕ್ಕೊಡ್ತೀನಲ್ಲಪ್ಪ."

"ಬೇಡ, ನಾನೇ ಮಾಡ್ತೀನಿ. ಅವ್ಳು ನನ್ನ ತಂಗಿ."

ದಾಕ್ಷಿ ಎಂದರೆ ದಾಕ್ಷಾಯಿಣಿ. ಚಿಕ್ಕಂದಿನಿಂದ ಕಾಲಿಗೆ ಬಲವಿಲ್ಲ; ಗಾಲಿಕುರ್ಚಿಯಲ್ಲಿ ಓಡಾಡುತ್ತಾಳೆ. ಪಕ್ಕದ ಬೀದಿಯ ಸಹಕಾರ ಸೊಸೈಟಿಯಲ್ಲಿ ಕಂಪ್ಯೂಟರ್ ಆಪರೇಟರ್. ಮನೆಗೆ ಮೂರು ಮೆಟ್ಟಿಲು. ದಿನಾ ಬೆಳಗ್ಗೆ ಅಣ್ಣ ಕುರ್ಚಿಯನ್ನು ಹಿಂದಕ್ಕೆ ಬಾಗಿಸಿ ಒಂದೊಂದೇ ಮೆಟ್ಟಿಲು ಇಳಿಸುತ್ತಿದ್ದ, ಸಂಜೆ ಏರಿಸುತ್ತಿದ್ದ. ಅವನಿಗೆ ಪಾಳಿ ಬದಲಾದ ದಿನ ಅವಳು ಗೇಟಿನ ಹೊರಗೆ ಕಾಯಬೇಕಾಗುತ್ತಿತ್ತು. ಅವಳು ಯಾರನ್ನೂ ಕಾಯದೆ ಮನೆಯೊಳಗೆ ಬರುವಂತಾಗಬೇಕು ಎಂಬುದು ಅವನ ಆಸೆ.

ಆಸ್ಪತ್ರೆಯಲ್ಲಿ ಅವನಿಗೆ ಹೇಳಿದ್ದರು: ಕೈಯಲ್ಲಿ ತಳ್ಳಿಕೊಂಡು ಹೋಗುವ ಕುರ್ಚಿಗೆ ಹನ್ನೆರಡಕ್ಕೆ ಒಂದು ವಾಟ ಇರಬೇಕು, ಅದಕ್ಕಿಂತ ಕಡಿದಾಗಬಾರದು. ಅವನು ಅದನ್ನು ಮರೆಯಲಿಲ್ಲ. ಅಂಗಳಕ್ಕೆ ಬಂದು ನನ್ನನ್ನು ಒಂದು ಹಲಗೆಯ ಮೇಲೆ ಮಲಗಿಸಿ, ನನ್ನ ಬೆನ್ನಿನ ಮೇಲೆ ತನ್ನ ಫೋನು ಇಟ್ಟ. ಇಳಿಜಾರು ತೋರಿಸುವ ಒಂದು ಆ್ಯಪ್ ಅದರಲ್ಲಿತ್ತು. ಹಲಗೆಯ ಒಂದು ತುದಿ ಎತ್ತುತ್ತ ಹೋದ. ಫೋನಿನಲ್ಲಿ ಹನ್ನೆರಡು ಎಂದು ಬಂತು. ಅಂಕಿಯ ಪಕ್ಕದಲ್ಲಿ ಶೇಕಡದ ಗುರುತಿತ್ತು. ಅವನು ಅಂಕಿ ನೋಡಿದ, ಗುರುತು ನೋಡಲಿಲ್ಲ. ಹಲಗೆ ಅಲ್ಲಾಡದಂತೆ ನಿಲ್ಲಿಸಿ, ನನ್ನ ಒಂದು ತುದಿಯ ಅಡಿಗೆ ಮರದ ಚಕ್ಕೆ ಕೊಟ್ಟು, ಉಜ್ಜಿ ಉಜ್ಜಿ ಎತ್ತರ ಹೊಂದಿಸಿ, ಗುಳ್ಳೆ ಸರಿಯಾಗಿ ನಡುವೆ ನಿಂತ ಮೇಲೆ ಚಕ್ಕೆಯನ್ನು ಗೋಂದಿನಿಂದ ಅಂಟಿಸಿದ. ಇನ್ನು ಮೇಲೆ ನನ್ನನ್ನು ಎಲ್ಲಿ ಇಟ್ಟರೂ ಗುಳ್ಳೆ ನಡುವೆ ನಿಂತರೆ ಅಲ್ಲಿ ಅವನಿಗೆ ಬೇಕಾದ ವಾಟ ಇದೆ ಎಂದಾಯಿತು.

ಅವನ ಹೆಂಡತಿ ಗಣಿತದಲ್ಲಿ ಎಂ.ಎಸ್ಸಿ. ಮಾಡಿದವಳು. ಆ ಹೊತ್ತಿಗೆ ಅವಳು ಶಾಲೆಯಲ್ಲಿ ಏಳನೆಯ ತರಗತಿಗೆ ಭಿನ್ನರಾಶಿಯನ್ನು ಶೇಕಡಕ್ಕೆ ತಿರುಗಿಸುವುದನ್ನೇ ಪಾಠ ಮಾಡುತ್ತಿದ್ದಳೋ ಏನೋ. ಅವನು ಅವಳನ್ನು ಕೇಳಲಿಲ್ಲ. ಇದು ಕೇಳಬೇಕಾದ ಲೆಕ್ಕ ಎಂದೇ ಅವನಿಗೆ ಅನ್ನಿಸಿರಲಿಲ್ಲ.

ಪಂಪ್‌ಹೌಸಿನ ಗೆಳೆಯ ಬೈರೇಗೌಡನನ್ನು ಕರೆದುಕೊಂಡು ಷಡಕ್ಷರಿ ಮೆಟ್ಟಿಲುಗಳ ಪಕ್ಕದಲ್ಲಿ ಇಟ್ಟಿಗೆ ಕಟ್ಟಿ, ಮಣ್ಣು ತುಂಬಿ, ಕಾಂಕ್ರೀಟ್ ಹಾಕಿದ. ಮೆಟ್ಟಿಲುಗಳ ಒಟ್ಟು ಎತ್ತರ ಇಪ್ಪತ್ತು ಇಂಚು. ಬಾಗಿಲಿನಿಂದ ಎದುರಿನ ಕಾಂಪೌಂಡ್ ಗೋಡೆಗೆ ಹದಿನೆಂಟು ಅಡಿ. ರ‍್ಯಾಂಪು ಹದಿನಾಲ್ಕು ಅಡಿಗೆ ನೆಲ ಮುಟ್ಟಿತು; ಕುರ್ಚಿ ತಿರುಗಿಸಿ ಎಡಮೂಲೆಯ ಗೇಟಿಗೆ ಹೋಗಲು ನಾಲ್ಕು ಅಡಿ ಉಳಿಯಿತು. "ನೋಡು, ಅಳತೆ ಮಾಡಿ ಇಟ್ಟಂಗೆ ಕೂತ್ಕೊಂಡಿದೆ" ಎಂದು ಅವನು ಬೈರೇಗೌಡನಿಗೆ ತೋರಿಸಿದ. ಕಾಂಕ್ರೀಟಿಗೆ ನೀರು ಹೊಡೆಯುವ ದಿನಗಳಲ್ಲಿ ಒಂದು ಮಧ್ಯಾಹ್ನ ಪಂಪ್‌ಹೌಸಿನಲ್ಲಿ ಎದೆ ಹಿಡಿದುಕೊಂಡು ಕೂತ ಷಡಕ್ಷರಿ ಮೇಲೇಳಲಿಲ್ಲ. ಮೂವತ್ನಾಲ್ಕು ವಯಸ್ಸು.

ಆ ಬೆಳಗ್ಗೆ ಕಸ ಗುಡಿಸಿ ಮುಗಿದ ಮೇಲೆ ದಾಕ್ಷಾಯಿಣಿ ಬಾಗಿಲಿಗೆ ಬಂದಳು.

"ಅತ್ತಿಗೆ, ನಾಳೆಯಿಂದ ಸೊಸೈಟಿಗೆ ಹೋಗ್ಬೇಕು. ಸೆಕ್ರೆಟರಿ ಮತ್ತೆ ಫೋನ್ ಮಾಡಿದ್ರು. ಹಿಂಗೇ ರಜ ಹಾಕಿದ್ರೆ ಬೇರೆಯವರನ್ನ ಕೂರಿಸ್ಕೋತಾರೆ."

"ಹೋಗು."

"ಹೋಗು ಅಂದ್ರೆ? ಹಾರ್ಕೊಂಡು ಹೋಗ್ಲಾ?"

ಆ ವಾರ, ಕಾಂಕ್ರೀಟು ಇನ್ನೂ ಹಸಿಯಿದ್ದಾಗ, ವಿನುತಾ ಒಮ್ಮೆ ಕುರ್ಚಿಯನ್ನು ಮೆಟ್ಟಿಲು ಇಳಿಸಲು ನೋಡಿದ್ದಳು. ಅವಳ ಕೈಲಿ ಆಗಿರಲಿಲ್ಲ; ನಡುಮೆಟ್ಟಿಲಿನಲ್ಲಿ ನಿಂತು ಬೀದಿಯವರನ್ನು ಕೂಗಬೇಕಾಗಿತ್ತು. ಅವಳು ಈಗ ರ‍್ಯಾಂಪಿನ ಕಡೆ ನೋಡಿದಳು. "ಗಟ್ಟಿಯಾಗಿದೆ. ನೋಡು, ಇಳಿ."

ದಾಕ್ಷಾಯಿಣಿ ಕುರ್ಚಿಯನ್ನು ರ‍್ಯಾಂಪಿಗೆ ಬಿಟ್ಟಳು. ಗಾಲಿ ಅವಳ ಕೈಗೆ ನಿಲ್ಲಲಿಲ್ಲ. "ಹಿಡ್ಕೊಳ್ಳಿ, ಅತ್ತಿಗೆ" ಎನ್ನುವಷ್ಟರಲ್ಲಿ ಕುರ್ಚಿ ಓಡಿ, ಕಾಲಿಡುವ ಪಟ್ಟಿ ಕಾಂಪೌಂಡ್ ಗೋಡೆಗೆ ಬಡಿಯಿತು. ಅಂಗೈ ಉರಿಯುತ್ತಿದೆ ಎಂದು ಊದಿಕೊಂಡಳು. ಆಮೇಲೆ ಏರಲು ನೋಡಿದಳು. ಅರ್ಧದವರೆಗೆ ಬಂದಳು, ತೋಳು ನಡುಗಿತು, ಕುರ್ಚಿ ಹಿಂದಕ್ಕೆ ಜಾರಿತು. ಮತ್ತೆ ಬಂದಳು, ಮತ್ತೆ ಜಾರಿದಳು. ಒಮ್ಮೆ ಮುಂದಿನ ಚಿಕ್ಕ ಗಾಲಿಗಳು ನೆಲ ಬಿಟ್ಟು ಎದ್ದವು. ವಿನುತಾ ಓಡಿ ಹಿಂದಿನಿಂದ ಹಿಡಿದಳು.

"ಇಷ್ಟು ದಿನ ಬರೀ ಕೂತು ತಿಂದಿದ್ದು. ತೋಳಲ್ಲಿ ದಮ್ಮಿಲ್ಲ" ಎಂದಳು ದಾಕ್ಷಾಯಿಣಿ. "ನಾಲ್ಕು ದಿನ ಅಭ್ಯಾಸ ಮಾಡಿದ್ರೆ ಬರುತ್ತೆ. ಅಣ್ಣ ಹನ್ನೆರಡಕ್ಕೆ ಒಂದೇ ಹಾಕಿರೋದು, ನಂಗೆ ಹೇಳಿದ್ನಲ್ಲ."

ವಿನುತಾ ಜಗುಲಿಯಿಂದ ನನ್ನನ್ನು ತಂದು ರ‍್ಯಾಂಪಿನ ಮೇಲಿಟ್ಟಳು. ನನ್ನ ಗುಳ್ಳೆ ನಡುವೆ ನಿಂತಿತು.

"ನೋಡಿ, ಅದೂ ಸರಿ ಅಂತಿದೆ."

ನಾನು ನನ್ನ ಜೀವಮಾನದಲ್ಲಿ ಹೇಳಿದ ಒಂದೇ ಒಂದು ಸುಳ್ಳು ಅದು, ಅದೂ ನನ್ನ ಸ್ವಂತದ್ದಲ್ಲ. ವಿನುತಾ ನನ್ನ ಗುಳ್ಳೆಯನ್ನು ತುಸು ಹೊತ್ತು ನೋಡಿದಳು. ಇಳಿಜಾರಿನ ಮೇಲೆ ಮಟ್ಟ ಹೇಗೆ ಬರುತ್ತದೆ ಎಂದು ಅವಳಿಗೆ ಹೊಳೆದಿರಬೇಕು. ನನ್ನನ್ನು ಮಗುಚಿ ಹಾಕಿದಳು. ಚಕ್ಕೆ ಕಂಡಿತು. ಒಳಗಿನಿಂದ ಟೇಪು ತಂದು ಅಳೆದಳು: ಎರಡಿಂಚು ಏಳು ನೂಲು. ಶಾಲೆಯ ಚೀಲದಿಂದ ಸೀಮೆಸುಣ್ಣ ತೆಗೆದು ರ‍್ಯಾಂಪಿನ ಮೇಲೆಯೇ ಕುಕ್ಕರುಗಾಲಲ್ಲಿ ಕೂತಳು.

ಅವಳು ಬರೆದದ್ದನ್ನು ನಾನು ಪಕ್ಕದಲ್ಲೇ ಇದ್ದು ನೋಡಿದೆ. ಎಂಟರಲ್ಲಿ ಏಳು ಪಾಲು ಎಂದರೆ 0.875. ಆದ್ದರಿಂದ ಚಕ್ಕೆ 2.875 ಇಂಚು. ನನ್ನ ಉದ್ದ 24 ಇಂಚು. ಭಾಗಿಸಿದಳು: 0.1198. ಬಿಂದುವನ್ನು ಎರಡು ಮನೆ ಬಲಕ್ಕೆ ಸರಿಸಿದಳು: ಶೇಕಡ 11.98. ಅದನ್ನು ನೋಡಿ ಅವಳ ಕೈ ನಿಂತಿತು. ಅದರ ಕೆಳಗೆ ಹನ್ನೆರಡರಲ್ಲಿ ಒಂದು ಎಂದು ಬರೆದು ಅದನ್ನೂ ಭಾಗಿಸಿದಳು. ಶೇಕಡ 8.33, ಮುಂದೆ ಮುಗಿಯದ ಮೂರುಗಳು. ಕೊನೆಗೆ, ನೂರಕ್ಕೆ ಹನ್ನೆರಡು ಎಂದರೆ ಎಷ್ಟಕ್ಕೆ ಒಂದು ಎಂದು ನೋಡಲು, ನೂರನ್ನು ಹನ್ನೆರಡರಿಂದ ಭಾಗಿಸಿದಳು. ಅಲ್ಲೂ 8.33. ಬೇಕಾಗಿದ್ದುದು ಹನ್ನೆರಡು ಅಡಿಗೆ ಒಂದಡಿ ಏರುವ ದಾರಿ. ಅವನು ಕಟ್ಟಿದ್ದು ಎಂಟೂ ಚಿಲ್ಲರೆ ಅಡಿಗೆ ಒಂದಡಿ ಏರುವ ದಾರಿ. ಒಂದು ಲೆಕ್ಕದಲ್ಲಿ ಹನ್ನೆರಡು ಇದ್ದ ಕಡೆ ಇನ್ನೊಂದರಲ್ಲಿ ಎಂಟು, ಎಂಟು ಇದ್ದ ಕಡೆ ಹನ್ನೆರಡು.

ತಪ್ಪಿನಲ್ಲೂ ಅವನು ಆ ಹನ್ನೆರಡರಿಂದ ಕೂದಲೆಳೆಯಷ್ಟು ಮಾತ್ರ ಆಚೀಚೆ ಆಗಿದ್ದ. ಅವಳು ಆ 11.98ರ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು.

"ಅಣ್ಣಂದು ತಪ್ಪು ಅಂತೀರಾ?" ದಾಕ್ಷಾಯಿಣಿ ಕೇಳಿದಳು.

"ನಾನೇನೂ ಅಂದಿಲ್ಲ."

"ಬರೀತಿದೀರಲ್ಲ."

"ಲೆಕ್ಕ ಬರೀತಿದೀನಿ. ಬೇಕಾಗಿದ್ದು ಹನ್ನೆರಡಕ್ಕೆ ಒಂದು. ಕಟ್ಟಿರೋದು ನೂರಕ್ಕೆ ಹನ್ನೆರಡು. ಎರಡೂ ಬೇರೆ, ದಾಕ್ಷಿ. ನಿನ್ನ ತೋಳಲ್ಲಿ ಏನೂ ಕಡಿಮೆ ಇಲ್ಲ."

"ಮನೇಲೂ ಮೇಡಮ್ಮೇ ಆಗ್ಬಿಟ್ರಿ. ಅವ್ನು ಇದ್ದಾಗ ಹೇಳ್ಬಾರ್ದಿತ್ತಾ?"

"ನಾನು ನೋಡ್ಲಿಲ್ಲ."

"ಈಗ ಇದನ್ನ ಒಡೀಬೇಕು ಅಂತೀರಿ. ಅವ್ನು ಕೊನೇಲಿ ಮಾಡಿದ್ದು ಇದು. ಒಡೆಯೋದಾದ್ರೆ ನಾನು ಮನೇಲೇ ಇರ್ತೀನಿ. ಕೆಲ್ಸ ಹೋದ್ರೆ ಹೋಗ್ಲಿ."

ಅವಳು ಕುರ್ಚಿಯಲ್ಲಿ ಕೂತೇ ಅಂಗಳದಲ್ಲಿದ್ದಳು. ಒಳಗೆ ಹೋಗಬೇಕಾದರೂ ಆ ರ‍್ಯಾಂಪನ್ನೇ ಏರಬೇಕು. ವಿನುತಾ ಬಂದು ಹಿಂದಿನಿಂದ ತಳ್ಳಿ ಏರಿಸಿದಳು.

ಆ ದಿನ ವಿನುತಾ ಸೊಸೈಟಿಯ ಸೆಕ್ರೆಟರಿಗೆ ಫೋನು ಮಾಡಿ ಇನ್ನೊಂದಿಷ್ಟು ದಿನ ರಜೆ ಕೇಳಿದಳು. ಮುಂದಿನ ಸೋಮವಾರ ಬಿಟ್ಟು ಅದರಾಚೆಯ ಸೋಮವಾರದವರೆಗೆ, ಅದೇ ಕೊನೆ ಎಂದರು. ಅಡುಗೆ ಮಾಡಿದಳು, ಬಟ್ಟೆ ಒಗೆದಳು. ನಡುನಡುವೆ ಹೊರಗೆ ಬಂದು ರ‍್ಯಾಂಪಿನ ಪಕ್ಕದಲ್ಲಿ ನಿಂತು ನೋಡುವಳು. ಸಂಜೆಯ ಬೆಳಕು ಇರುವಾಗಲೇ ಮನೆಯ ಗೋಡೆಯ ಮೇಲೆ ಸೀಮೆಸುಣ್ಣದಿಂದ ಎರಡು ಗೆರೆ ಎಳೆದಳು. ಎರಡೂ ಬಾಗಿಲಿನ ಹೊಸ್ತಿಲಿನ ಎತ್ತರದಿಂದ ಹೊರಟವು. ಒಂದು ಬೇಗ ಇಳಿಯಿತು, ಇನ್ನೊಂದು ನಿಧಾನವಾಗಿ.

"ದಾಕ್ಷಿ, ಬಾ ಇಲ್ಲಿ."

"ಬರಲ್ಲ."

"ಒಡೆಯೋದಿಲ್ಲ. ಬಾ."

ದಾಕ್ಷಾಯಿಣಿ ಬಾಗಿಲಿಗೆ ಬಂದಳು. ವಿನುತಾ ತೋರಿಸಿದಳು. "ಕೆಳಗಿನ ಗೆರೆ ಅವರು ಕಟ್ಟಿದ್ದು. ಮೇಲಿನದು ನಮಗೆ ಬೇಕಾಗಿರೋದು. ಬೇಕಾಗಿರೋದು ಎಲ್ಲೂ ಕೆಳಗೆ ಹೋಗೋದೇ ಇಲ್ಲ, ನೋಡು. ಅಡಿಗೊಂದು ಇಂಚು ಇಳಿದರೆ, ಅವರ ರ‍್ಯಾಂಪ್ ಮುಗಿಯೋ ಕಡೆ ನಮ್ಮದು ಇನ್ನೂ ಆರಿಂಚು ಮೇಲಿರತ್ತೆ. ಅದರ ಮೇಲೇ ಹಾಕಬಹುದು. ಗೋಡೆ ಹತ್ರ ಒಂದು ಸಮತಟ್ಟು, ಅಲ್ಲಿಂದ ಎಡಕ್ಕೆ ತಿರುಗಿ ಆರಡಿ, ಗೇಟು."

ದಾಕ್ಷಾಯಿಣಿ ಗೆರೆಗಳನ್ನು ನೋಡಿದಳು. "ಎಡಕ್ಕೆ ಅಣ್ಣನ ಬೈಕಿದೆ."

"ಬೈರೇಗೌಡ್ರು ಓಡಿಸ್ಲಿ. ನಿಂತ್ರೆ ಕೆಟ್ಟೋಗತ್ತೆ."

ಬೈಕು ಎಂಬ ಮಾತು ಬಂದಾಗ ವಿನುತಾಳ ಧ್ವನಿ ಸ್ವಲ್ಪವೂ ಬದಲಾಗಲಿಲ್ಲ. ಅದು ನನಗೆ ವಿಚಿತ್ರ ಅನ್ನಿಸಲಿಲ್ಲ. ನನ್ನ ಕೊಳವೆಯಲ್ಲೂ ಗುಳ್ಳೆ ನಿಂತಾಗ ಒಳಗೆ ದ್ರವ ಇಲ್ಲವೆಂದಲ್ಲ.

ವಿನುತಾ ಚಕ್ಕೆಯನ್ನು ನನ್ನಿಂದ ಬಿಡಿಸಿ, ಗರಗಸದ ಬ್ಲೇಡಿನಿಂದ ಕೊಯ್ದು, ಎರಡು ಇಂಚಿಗೆ ಇಳಿಸಿದಳು. ಇಪ್ಪತ್ನಾಲ್ಕಕ್ಕೆ ಎರಡು ಎಂದರೆ ಹನ್ನೆರಡಕ್ಕೆ ಒಂದು. ಉಪ್ಪುಕಾಗದ ತಿಕ್ಕಿ ನುಣುಪು ಮಾಡಿ ಮತ್ತೆ ಅಂಟಿಸಿದಳು.

ಬೈರೇಗೌಡ ಮಾರನೆಯ ದಿನವೇ ಸಿಮೆಂಟು ಇಳಿಸಿಕೊಂಡು ಬಂದ. ಅವನಿಗೆ ನಂಬಿಕೆ ಬರಲಿಲ್ಲ.

"ಫೋನಿಟ್ಟು ನೋಡ್ದಾಗ ನಾನೇ ಇದ್ದೆ ಅಕ್ಕ. ಹನ್ನೆರಡು ಅಂತ್ಲೇ ಬಂತು."

"ಬಂದಿದ್ದು ಶೇಕಡ ಹನ್ನೆರಡು, ಗೌಡ್ರೇ. ನಮಗೆ ಬೇಕಾಗಿದ್ದು ಶೇಕಡ ಎಂಟು ಚಿಲ್ಲರೆ."

"ಪರ್ಸೆಂಟು ಅಂದ್ರೆ ನಂಗೆ ಕಂಟ್ರಾಕ್ಟರುಗಳದ್ದು ಒಂದೇ ಗೊತ್ತು. ಅಲ್ಲಿ ಹನ್ನೆರಡು ಅಂದ್ಮೇಲೆ ಹನ್ನೆರಡೇ. ಎಂಟಕ್ಕೆ ಇಳಿಯೋ ಗಂಡಸು ಇನ್ನೂ ಹುಟ್ಟಿಲ್ಲ."

ಬಾಗಿಲಲ್ಲಿ ಕೂತಿದ್ದ ದಾಕ್ಷಾಯಿಣಿ ನಕ್ಕಳು. ನಕ್ಕಮೇಲೆ ತಪ್ಪು ಮಾಡಿದವಳಂತೆ ಅತ್ತಿಗೆಯ ಕಡೆ ನೋಡಿದಳು. ವಿನುತಾ, "ನಗು" ಎಂದಳು.

ಹೊಸ ಕಾಂಕ್ರೀಟ್ ಹಿಡಿಯಬೇಕಾದರೆ ಹಳೆಯದರ ಮೈಯನ್ನು ಉಳಿಯಿಂದ ಕೊತ್ತಿ ಒರಟು ಮಾಡಬೇಕು. ಬೈರೇಗೌಡ ಸುತ್ತಿಗೆ ಎತ್ತಿದಾಗ ದಾಕ್ಷಾಯಿಣಿ ಕುರ್ಚಿ ತಿರುಗಿಸಿಕೊಂಡು ಒಳಗೆ ಹೋದಳು. ವಿನುತಾ ನಿಂತೇ ಇದ್ದಳು. ಕೊತ್ತುವುದು ಮುಗಿದ ಮೇಲೆ ಅವಳೇ ಪುಡಿ ಗುಡಿಸಿದಳು. ಸೀಮೆಸುಣ್ಣದ ಲೆಕ್ಕ ಅದರೊಂದಿಗೇ ಹೋಯಿತು. ಆಮೇಲೆ ಅಡಿ ಅಡಿಗೂ ನನ್ನನ್ನು ಇಟ್ಟು ನೋಡಿದಳು. "ಇನ್ನೊಂದು ಕರಣೆ ಹಾಕಿ. ಸಾಕು. ಇಲ್ಲಿ ಸ್ವಲ್ಪ ತೆಗೀರಿ." ಅವಳ ಕೈ ಬಿಸಿಯಾಗಿತ್ತು, ಗಟ್ಟಿಯಾಗಿತ್ತು. ಸಮತಟ್ಟಿನ ಮೇಲೆ ನನ್ನನ್ನು ಇಡುವಾಗ ಮಾತ್ರ ಮಗುಚಿ ಇಟ್ಟಳು, ಚಕ್ಕೆ ಮೇಲಕ್ಕೆ ಬರುವಂತೆ. ಬಹಳ ದಿನದ ಮೇಲೆ ನಾನು ನನ್ನ ಮಾತು ನಾನೇ ಆಡಿದೆ.

ನೀರು ಹೊಡೆಯುವ ದಿನಗಳು ಮುಗಿದವು. ರಜೆ ಮುಗಿಯುವ ಹಿಂದಿನ ದಿನ ದಾಕ್ಷಾಯಿಣಿ ಇಳಿದಳು. ಗಾಲಿ ಅವಳ ಅಂಗೈ ಮಾತು ಕೇಳಿತು. ಸಮತಟ್ಟಿನಲ್ಲಿ ನಿಂತು, ತಿರುಗಿಸಿಕೊಂಡು, ಗೇಟಿನವರೆಗೆ ಹೋದಳು. ಏರುವಾಗ ವಿನುತಾ ಹಿಂದೆ ಬಂದು ನಿಂತಳು.

"ನೀವು ಆ ಕಡೆ ಹೋಗಿ. ಹಿಂದೆ ನಿಂತ್ರೆ ನಾನು ತಳ್ಳೋದು ಬಿಟ್ಬಿಡ್ತೀನಿ."

ವಿನುತಾ ಗೋಡೆಯ ಪಕ್ಕಕ್ಕೆ ಸರಿದಳು. ದಾಕ್ಷಾಯಿಣಿ ಆರಡಿ ಏರಿದಳು, ಸಮತಟ್ಟಿನಲ್ಲಿ ಉಸಿರು ತೆಗೆದುಕೊಂಡಳು, ಮತ್ತೆ ತಳ್ಳಿದಳು. ಎಲ್ಲೂ ಜಾರಲಿಲ್ಲ. ಹೊಸ್ತಿಲು ದಾಟಿ ಒಳಗೆ ಹೋದಳು. ಒಳಗಿನಿಂದ ಅಳುವುದು ಕೇಳಿಸಿತು. ವಿನುತಾ ಸ್ವಲ್ಪ ಹೊತ್ತು ಹೊರಗೇ ಇದ್ದಳು.

ಸೋಮವಾರ ದಾಕ್ಷಾಯಿಣಿ ಟಿಫನ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ತಾನಾಗಿ ಹೊರಟಳು. ಅವಳು ತಿರುವು ದಾಟುವವರೆಗೂ ನೋಡಿ, ವಿನುತಾ ನನ್ನನ್ನು ಎತ್ತಿಕೊಂಡಳು. ಚಕ್ಕೆ ತೆಗೆದಳು. ಗೋಂದಿನ ಕಲೆಯನ್ನು ಬಿಸಿನೀರಿನಿಂದ ಉಜ್ಜಿದಳು, ಪೂರ್ತಿ ಹೋಗಲಿಲ್ಲ. ಹಳೆಯ ಪಂಚೆಯಲ್ಲಿ ಒರೆಸಿ, ಕಂಕುಳಲ್ಲಿ ಇಟ್ಟುಕೊಂಡು ಮುನಾವರ್ ಮೇಸ್ತ್ರಿಯ ಮನೆಗೆ ನಡೆದಳು.

ಮುನಾವರ್ ಎದ್ದು ಕುರ್ಚಿ ಹಾಕಿದ. ಅವಳು ಕೂರಲಿಲ್ಲ.

"ಅವರು ತಗೊಂಡು ಬಂದಿದ್ರು. ತಡವಾಯ್ತು."

"ಇರ್ಲಿ ಬಿಡಮ್ಮ. ಇದಕ್ಕೇನು ಅವಸರ." ಅವನು ನನ್ನನ್ನು ಕಲ್ಲುಚಪ್ಪಡಿಯ ಮೇಲಿಟ್ಟು ನೋಡಿದ, ತುದಿ ಬದಲಿಸಿ ನೋಡಿದ. ಗೋಂದಿನ ಕಲೆಯ ಮೇಲೆ ಬೆರಳಾಡಿಸಿದ. "ವಾಟಕ್ಕೆ ಚಕ್ಕೆ ಕೊಟ್ಟಿದ್ನಾ? ಬುದ್ಧಿವಂತ. ಸರಿಯಾಗಿ ಬಂತಾ ಕೆಲ್ಸ? ಹುಡುಗಿ ಓಡಾಡ್ತಾಳಾ?"

"ಒಬ್ಬಳೇ ಆಫೀಸಿಗೆ ಹೋದ್ಲು, ಈಗ."

"ಪೂರ್ತಿ ಅವ್ನೇ ಹಾಕಿದ್ನಾ?"

ವಿನುತಾ ನನ್ನ ಒಂದು ತುದಿಯ ಮೇಲೆ ಕೈಯಿಟ್ಟಳು.

"ಕೆಳಗಿನದು ಅವರದು" ಎಂದಳು. "ಅದರ ಮೇಲೆ ನಿಂತಿದೆ."

ಆಮೇಲೆ ಕೈ ತೆಗೆದಳು.